ಬಡ್ಡಿ ‘ಬಡಿ’ ಆಗದಂತೆ: ಮಂದದೃಷ್ಟಿಯವರಿಗಾಗಿ ಕನ್ನಡದ ಪರದೆಯನ್ನು ಹೊಂದಿಸಿದ ಅನುಭವ

ಗದಗ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದ ಲೆಕ್ಕಪತ್ರದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ, ಪೂರ್ತಿ ಕನ್ನಡದಲ್ಲಿರುವ ಈ ತಂತ್ರಾಂಶವನ್ನು ಮೊದಲು ಬರೆದವರು ಬೇರೆಯವರು. ಅವರು ಬಿಟ್ಟುಹೋದ ಮೇಲೆ ಅದು ನನ್ನ ಕೈಗೆ ಬಂತು. ಅದನ್ನು ದಿನವಿಡೀ ಬಳಸುವವರಲ್ಲಿ ಇಬ್ಬರಿಗೆ ದೃಷ್ಟಿ ಮಂದ. ಹಿರಿಯ ಲೆಕ್ಕಿಗರಿಗೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಹಾನಿಯಾಗಿ ನೋಟದಲ್ಲಿ ಅಲ್ಲಲ್ಲಿ ಮಸುಕು ಕವಿದಿದೆ. ಕೌಂಟರಿನಲ್ಲಿ ಕೂರುವ ತರುಣಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯಿಂದ ಸುತ್ತಲಿನ ನೋಟ ಕುಗ್ಗುತ್ತ ಬಂದು, ಎದುರಿನ ಒಂದು ಸಣ್ಣ ವೃತ್ತ ಮಾತ್ರ ಚೆನ್ನಾಗಿ ಉಳಿದಿದೆ. ಇಬ್ಬರೂ ಕೆಲಸದಲ್ಲಿ ಗಟ್ಟಿಗರು. ಅವರಿಬ್ಬರಿಗೂ ಒಗ್ಗುವಂತೆ ಪರದೆಯನ್ನು ಹೇಗೆ ಹೊಂದಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಮಂದದೃಷ್ಟಿಯನ್ನು ಎರಡು ಬಗೆಯಲ್ಲಿ ಗುರುತಿಸುತ್ತದೆ: ಕನ್ನಡಕ ಮುಂತಾದ ಸರಿಪಡಿಕೆಯ ನಂತರವೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕೆ (ಅಂದರೆ ಸಾಮಾನ್ಯ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಮಾತ್ರ ಕಾಣುವ ಮಟ್ಟಕ್ಕೆ) ಮೀರದೆ 3/60ರವರೆಗೆ ಇಳಿದಿರುವುದು ಒಂದು, ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಕುಗ್ಗಿರುವುದು ಇನ್ನೊಂದು. ಕಾಯ್ದೆಯಲ್ಲಿ ಒಂದೇ ಹೆಸರಿನ ಕೆಳಗೆ ನಿಲ್ಲುವ ಈ ಎರಡು ಸ್ಥಿತಿಗಳು ಪರದೆಯ ಮುಂದೆ ಕೂತಾಗ ತದ್ವಿರುದ್ಧವಾದುದನ್ನು ಬೇಡುತ್ತವೆ. ಲೆಕ್ಕಿಗರಿಗೆ ಅಕ್ಷರ ದೊಡ್ಡದಾದಷ್ಟೂ ಅನುಕೂಲ. ತರುಣಿಗೆ ಅಕ್ಷರ ಮಿತಿಮೀರಿ ದೊಡ್ಡದಾದರೆ ಒಂದು ಪದವೂ ಅವಳ ನೋಟದ ವೃತ್ತದೊಳಗೆ ಹಿಡಿಸದೆ, ಪ್ರತಿ ಪದವನ್ನೂ ತುಂಡುತುಂಡಾಗಿ ಓದಿ ಜೋಡಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಎಲ್ಲರಿಗೂ ಸರಿಹೊಂದುವ ಅಳತೆಯೊಂದನ್ನು ಹುಡುಕುವ ಗೊಡವೆಗೆ ನಾನು ಹೋಗಲಿಲ್ಲ. ಅಳತೆಯನ್ನು ಬಳಸುವವರ ಕೈಗೇ ಬಿಟ್ಟು, ಅವರು ಎಷ್ಟು ಹಿಗ್ಗಿಸಿದರೂ ಪರದೆ ಮುರಿಯದಂತೆ, ಬೇರೆಬೇರೆಯಾದದ್ದು ಬೇರೆಬೇರೆಯಾಗಿಯೇ ಕಾಣುವಂತೆ, ಒಂದಕ್ಕೊಂದು ಸಂಬಂಧಿಸಿದ್ದು ಹತ್ತಿರದಲ್ಲೇ ಇರುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸವೆಂದು ಇಟ್ಟುಕೊಂಡೆ.

ಮೊದಲು ಮುರಿಯುತ್ತಿದ್ದುದು ಒತ್ತಕ್ಷರ. ಹಳೆಯ ಪರದೆಯಲ್ಲಿ ಪ್ರತಿ ಬಟನ್ನಿಗೂ, ಕೋಷ್ಟಕದ ಪ್ರತಿ ಸಾಲಿಗೂ ಪಿಕ್ಸೆಲ್‌ಗಳಲ್ಲಿ ಎತ್ತರ ನಿಗದಿಯಾಗಿತ್ತು, ಮತ್ತು ಆ ಎತ್ತರ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಗೆರೆಯ ಕೆಳಗೆ ಪೂರ್ತಿ ವ್ಯಂಜನವೇ ಕೂರುತ್ತದೆ. ಲೆಕ್ಕಿಗರು ಅಕ್ಷರದ ಅಳತೆಯನ್ನು ಏರಿಸಿದ ಕೂಡಲೇ ಸಾಲಿನ ಕೆಳಗಿನ ಅಂಚು ಒತ್ತುಗಳನ್ನು ಕತ್ತರಿಸಿಬಿಡುತ್ತಿತ್ತು. ‘ಮೊತ್ತ’ ಎಂಬುದು ‘ಮೊತ’ ಎಂದೂ, ‘ಬಡ್ಡಿ’ ಎಂಬುದು ‘ಬಡಿ’ ಎಂದೂ ಕಾಣುತ್ತಿತ್ತು. (ಸಾಲಗಾರನಿಗೆ ಅದರಲ್ಲಿ ಅರ್ಥ ಕಂಡೀತು, ಲೆಕ್ಕಿಗನಿಗೆ ಕಾಣದು.) ಸ್ತ್ರೀಶಕ್ತಿ ಗುಂಪುಗಳ ಸಾಲದ ಪುಟದ ಗತಿಯಂತೂ ಕೇಳುವುದೇ ಬೇಡ, ಏಕೆಂದರೆ ‘ಸ್ತ್ರೀ’ ಎಂಬಲ್ಲಿ ಎರಡು ಒತ್ತುಗಳಿಗೆ ಜಾಗ ಬೇಕು.

ಇದಕ್ಕಾಗಿ ನಿಗದಿತ ಎತ್ತರಗಳನ್ನೆಲ್ಲ ತೆಗೆದು, ಕನಿಷ್ಠ ಎತ್ತರವನ್ನು ಮಾತ್ರ ಉಳಿಸಿ, ಒಳಗಿನ ಅಕ್ಷರ ಬೆಳೆದಂತೆ ಪೆಟ್ಟಿಗೆಯೂ ಬೆಳೆಯುವಂತೆ ಮಾಡಿದೆ. ಪಿಕ್ಸೆಲ್‌ಗಳ ಬದಲು ಅಳತೆಗಳನ್ನು ರೆಮ್ ಮಾನದಲ್ಲಿ ಬರೆದದ್ದರಿಂದ ಬ್ರೌಸರ್‌ನ ಮೂಲ ಅಕ್ಷರದ ಅಳತೆಯನ್ನು ಬದಲಿಸಿದರೆ ಉಳಿದದ್ದೆಲ್ಲ ಅದನ್ನೇ ಅನುಸರಿಸುತ್ತದೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯು ಅಂಗವಿಕಲರಿಗೂ ವೆಬ್ ಪುಟಗಳು ಎಟುಕಲೆಂದು ಹೊರತಂದಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 2018ರ ಆವೃತ್ತಿ, ಓದುವವರು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.5 ಪಟ್ಟಿಗೆ ಏರಿಸಿಕೊಂಡರೂ ಏನೊಂದೂ ಮರೆಯಾಗಬಾರದು ಎನ್ನುತ್ತದೆ. ಕನ್ನಡಕ್ಕೆ ಅಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡಂತೆ ಕಂಡರೆ ಮಸುಕಾದ ಕಣ್ಣಿಗೆ ಎರಡೂ ಸೇರಿ ಒಂದೇ ಕಪ್ಪು ಪಟ್ಟಿಯಾಗುತ್ತವೆ. ನಾನು 1.75 ಪಟ್ಟು ಕೊಟ್ಟಿದ್ದೇನೆ.

ಫಾಂಟಿನ ಆಯ್ಕೆಯನ್ನು ನಾನೊಬ್ಬನೇ ಮಾಡಲಿಲ್ಲ. ಸದಸ್ಯರ ಪಟ್ಟಿಯಿಂದಲೇ ಕೆಲವು ಹೆಸರುಗಳನ್ನು ಆಯ್ದು, ಬೇರೆಬೇರೆ ಫಾಂಟುಗಳಲ್ಲಿ ಪರದೆಯ ಮೇಲೆ ತೋರಿಸಿ, ಇಬ್ಬರಿಂದಲೂ ಗಟ್ಟಿಯಾಗಿ ಓದಿಸಿದೆ. ನಮ್ಮ ಕಡೆಯ ಹೆಸರುಗಳು ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ನಿಂಗಪ್ಪ ಮತ್ತು ನಿಂಗವ್ವ, ಬಸಪ್ಪ ಮತ್ತು ಬಸವ್ವ: ‘ಪ’ ಮತ್ತು ‘ವ’ಗಳ ನಡುವೆ ಇರುವ ಅಂತರ ಮೇಲ್ಭಾಗದ ಒಂದು ಸಣ್ಣ ಸಂದು ಮಾತ್ರ, ಒತ್ತಿನಲ್ಲಂತೂ ಅದು ಇನ್ನೂ ಸಣ್ಣದು. ಒಂದೇ ಮನೆಯ ಇಬ್ಬರು ಸದಸ್ಯರ ಖಾತೆಗಳು ಪಟ್ಟಿಯಲ್ಲಿ ಒಂದರ ಕೆಳಗೊಂದು ಬಂದಾಗ ಲೆಕ್ಕಿಗರು, “ಇದು ಅಪ್ಪನೋ ಅವ್ವನೋ ಗೊತ್ತಾಗವಲ್ದು ನೋಡ್ರಿ” ಎನ್ನುತ್ತಿದ್ದರು. ವಿಂಡೋಸ್‌ನ ಹಳೆಯ ತುಂಗಾ ಫಾಂಟಿನ ಎಳೆ ತೀರ ತೆಳುವಾಗಿ, ಅದೇ ಅಳತೆಯ ಬೇರೆ ಫಾಂಟುಗಳಿಗಿಂತ ಸಣ್ಣದಾಗಿ ಕಂಡಿತು. ಹಾಗೆಂದು ತುಂಬ ದಪ್ಪ ಮಾಡಿದರೂ ಕೆಲಸ ಕೆಡುತ್ತದೆ. ‘ರ’ ಮತ್ತು ‘ಠ’ಗಳ ನಡುವಿನ ವ್ಯತ್ಯಾಸ ಒಳಗಿನ ಒಂದು ಚುಕ್ಕೆ, ಎಳೆ ದಪ್ಪವಾದಷ್ಟೂ ಒಳಗಿನ ಬಯಲು ಕಿರಿದಾಗಿ ಆ ಚುಕ್ಕೆ ಹೂತುಹೋಗುತ್ತದೆ. ಕೊನೆಗೆ ನೋಟೋ ಸಾನ್ಸ್ ಕನ್ನಡದ ಮಧ್ಯಮ ದಪ್ಪದಲ್ಲಿ, ಅಂದರೆ 500ರ ತೂಕದಲ್ಲಿ, ಇಬ್ಬರೂ ಹೆಚ್ಚು ತಡವರಿಸದೆ ಓದಿದರು. ಶೀರ್ಷಿಕೆಗಳಿಗೂ ಅದನ್ನೇ ಇಟ್ಟು, ದಪ್ಪದ ಬದಲು ಅಳತೆಯಿಂದಲೇ ಅವುಗಳನ್ನು ಬೇರೆ ಮಾಡಿದೆ. ಇಷ್ಟರ ಮೇಲೂ ಹೆಸರೊಂದನ್ನೇ ನೆಚ್ಚಿಕೊಳ್ಳುವುದು ಬೇಡವೆಂದು ಪ್ರತಿ ಹೆಸರಿನ ಮುಂದೆ ಸದಸ್ಯ ಸಂಖ್ಯೆಯನ್ನು ಅದೇ ಅಳತೆಯ ಅಂಕಿಗಳಲ್ಲಿ ತೋರಿಸಿದೆ.

ಇದೇ ಬಗೆಯ ಇನ್ನೊಂದು ತೊಡಕು ಬಟನ್ನುಗಳಲ್ಲಿತ್ತು, ಮತ್ತು ಅದು ಹೆಚ್ಚು ಅಪಾಯದ್ದು. ನಮೂದಿನ ಪುಟದ ಕೆಳಗೆ ‘ಉಳಿಸಿ’ ಮತ್ತು ‘ಅಳಿಸಿ’ ಎಂಬ ಎರಡು ಬಟನ್ನುಗಳು ಅಕ್ಕಪಕ್ಕದಲ್ಲಿ, ಒಂದೇ ಅಳತೆಯಲ್ಲಿ, ಒಂದು ಹಸಿರು ಮತ್ತೊಂದು ಕೆಂಪು ಬಣ್ಣದಲ್ಲಿ ಇದ್ದವು. ಮೂರು ಅಕ್ಷರಗಳಲ್ಲಿ ಎರಡು ಒಂದೇ. ಮೊದಲನೆಯದು ಮಸುಕಾದರೆ ಉಳಿಯುವುದು ‘ಳಿಸಿ’. ಬಣ್ಣ ಕೈಹಿಡಿಯುತ್ತದೆ ಎನ್ನುವಂತೆಯೂ ಇಲ್ಲ, ಏಕೆಂದರೆ ಆ ಹಸಿರು ಮತ್ತು ಆ ಕೆಂಪು ಎರಡರ ಹೊಳಪೂ ಹೆಚ್ಚುಕಡಿಮೆ ಸಮನಾಗಿದ್ದು, ಪರದೆಯನ್ನು ಕಪ್ಪು-ಬಿಳುಪು ಮಾಡಿ ನೋಡಿದಾಗ ಎರಡೂ ಒಂದೇ ಬೂದು ಆಗುತ್ತಿದ್ದವು. ನಾನು ‘ಅಳಿಸಿ’ಯನ್ನು ‘ನಮೂದು ತೆಗೆದುಹಾಕಿ’ ಎಂದು ಬದಲಿಸಿ, ಅದನ್ನು ಪುಟದ ಮೇಲ್ತುದಿಯಲ್ಲಿ ಗೆರೆಯ ಚೌಕಟ್ಟು ಮಾತ್ರ ಇರುವ ಬಟನ್ ಆಗಿ ಇಟ್ಟೆ. ‘ಉಳಿಸಿ’ ಎಂಬುದು ಕೆಳಗೆ, ಗಾಢವಾದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂಟಿಯಾಗಿ ಉಳಿಯಿತು. ಈಗ ಉದ್ದ, ಆಕಾರ, ಜಾಗ ಎಲ್ಲವೂ ಬೇರೆ. ಓದದೆಯೂ ಗುರುತಿಸಬಹುದು.

ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅಂತರದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ, ಏಕೆಂದರೆ ಇದಕ್ಕೆ ಲೆಕ್ಕವಿದೆ ಮತ್ತು ಲೆಕ್ಕ ಹಾಕುವ ಉಚಿತ ಸಾಧನಗಳೂ ಇವೆ. ಬಿಳಿಯ ಮೇಲೆ ಕಪ್ಪು 21:1. ಸಾಮಾನ್ಯ ಅಳತೆಯ ಅಕ್ಷರಕ್ಕೆ ಡಬ್ಲ್ಯೂಸಿಎಜಿ ಬಯಸುವ ಕನಿಷ್ಠ ಪ್ರಮಾಣ 4.5:1, ಇನ್ನೂ ಕಟ್ಟುನಿಟ್ಟಿನ ಮಟ್ಟದಲ್ಲಿ 7:1. ಹಳೆಯ ಪರದೆಯಲ್ಲಿ ಖಾಲಿ ಪೆಟ್ಟಿಗೆಗಳ ಒಳಗೆ ಸೂಚನೆಯಾಗಿ ಬರುತ್ತಿದ್ದ #999999 ಸಂಕೇತದ ಬೂದು ಬಣ್ಣ ಬಿಳಿಯ ಮೇಲೆ 2.85:1 ಮಾತ್ರ, ಅಂದರೆ ಲೆಕ್ಕಿಗರ ಪಾಲಿಗೆ ಇಲ್ಲವೇ ಇಲ್ಲ. #767676 ಎಂಬುದು 4.5ನ್ನು ಹೇಗೋ ದಾಟುತ್ತದೆ. ಆದರೆ ತೆಳು ಎಳೆಯ ಕನ್ನಡ ಅಕ್ಷರಕ್ಕೆ ಗಡಿಯ ಮೇಲೆ ನಿಲ್ಲುವ ಬಣ್ಣವನ್ನು ಕೊಡಲು ನನಗೆ ಮನಸ್ಸಾಗದೆ, ಸುಮಾರು 12.6:1 ಬರುವ #333333ನ್ನು ಪೆಟ್ಟಿಗೆಗಳ ಎಲ್ಲ ಲೇಬಲ್‌ಗಳಿಗೂ ಬಳಸಿದೆ. ಪೆಟ್ಟಿಗೆಯೊಳಗಿನ ಸೂಚನೆಗಳನ್ನು ಪೆಟ್ಟಿಗೆಯ ಮೇಲಕ್ಕೆ ತಂದೆ. ಬರೆಯಲು ತೊಡಗಿದ ಕೂಡಲೇ ಮಾಯವಾಗುವ ಸೂಚನೆ ಯಾರಿಗೂ ಉಪಯೋಗವಿಲ್ಲ.

ಬಿಳಿ ಹಿನ್ನೆಲೆಯ ಪ್ರಶ್ನೆ ಬೇರೆ. ಕಣ್ಣಿನ ಪೊರೆಯಂಥ ತೊಂದರೆಯಿದ್ದು ಬೆಳಕು ಒಳಗೆ ಚದುರುವವರಿಗೆ ಕಪ್ಪಿನ ಮೇಲೆ ಬಿಳಿ ಅಕ್ಷರ ಹಿತ, ಅಸ್ಟಿಗ್ಮಾಟಿಸಮ್ (ಕಣ್ಣಿನ ಮೇಲ್ಮೈಯ ಬಾಗು ಎಲ್ಲ ಕಡೆ ಸಮನಾಗಿಲ್ಲದ ದೋಷ) ಇರುವ ಹಲವರಿಗೆ ಅದೇ ಬಿಳಿ ಅಕ್ಷರ ಅಂಚು ಹರಡಿದಂತೆ ಕಾಣುತ್ತದೆ. ಲೆಕ್ಕಿಗರಿಗೆ ರಕ್ತದ ಸಕ್ಕರೆಯ ಏರಿಳಿತದ ಜೊತೆಗೆ ನೋಟವೂ ಏರಿಳಿಯುತ್ತದೆ, ಹಾಗಾಗಿ ಬೆಳಿಗ್ಗೆ ಒಪ್ಪಿದ್ದು ಸಂಜೆಗೆ ಒಪ್ಪುವುದಿಲ್ಲ. ಅವರು ವಿಂಡೋಸ್‌ನ ಕಾಂಟ್ರಾಸ್ಟ್ ಥೀಮ್ ಬಳಸುತ್ತಾರೆ. ಎಡ ಆಲ್ಟ್, ಎಡ ಶಿಫ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಆ ಥೀಮ್ ಬಂದಾಗ ಬ್ರೌಸರ್ ನಮ್ಮ ಬಣ್ಣಗಳನ್ನು ಬದಿಗಿಟ್ಟು ತನ್ನ ಬಣ್ಣಗಳನ್ನು ಹಾಕುವುದಲ್ಲದೆ, ಪೆಟ್ಟಿಗೆಗಳ ನೆರಳನ್ನೂ ತೆಗೆದುಬಿಡುತ್ತದೆ. ನೆರಳಿನಿಂದಲೇ ಬಟನ್ ಎಂದು ತೋರಿಸುತ್ತಿದ್ದ ಕಡೆಯಲ್ಲೆಲ್ಲ ಬಟನ್ನಿನ ಗುರುತೇ ಅಳಿಯುತ್ತಿತ್ತು. ಇದಕ್ಕೊಂದು ಸುಲಭದ ಉಪಾಯವಿದೆ: ಪ್ರತಿ ಬಟನ್ನಿಗೂ ಪಾರದರ್ಶಕ ಬಣ್ಣದ ಅಂಚುಗೆರೆಯೊಂದನ್ನು ಕೊಟ್ಟಿಟ್ಟರೆ, ಎಂದಿನ ಪರದೆಯಲ್ಲಿ ಅದು ಕಾಣುವುದಿಲ್ಲ, ಕಾಂಟ್ರಾಸ್ಟ್ ಥೀಮ್‌ನಲ್ಲಿ ಮಾತ್ರ ತಾನಾಗಿಯೇ ಬಣ್ಣ ಪಡೆದು ಎದ್ದು ಕಾಣುತ್ತದೆ.

ಇನ್ನು ತರುಣಿಯ ಕಡೆಯ ಕೆಲಸ. ಅವಳ ತೊಂದರೆ ನನಗೆ ಅರ್ಥವಾದದ್ದು ಹಾಳೆಯೊಂದನ್ನು ಸಣ್ಣ ಕೊಳವೆಯಾಗಿ ಸುತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಅದರ ಮೂಲಕ ನಮ್ಮದೇ ಪರದೆಯನ್ನು ನೋಡಿದಾಗ. ಪುಟದ ಎಡ ಕೆಳಗಿರುವ ‘ಉಳಿಸಿ’ಯನ್ನು ಒತ್ತಿದರೆ, ‘ನಮೂದು ಉಳಿದಿದೆ’ ಎಂಬ ಸಂದೇಶ ಬಲ ಮೇಲ್ತುದಿಯಲ್ಲಿ ಕೆಲ ಕ್ಷಣ ಮೂಡಿ ಮರೆಯಾಗುತ್ತಿತ್ತು. ಕೊಳವೆಯ ಮೂಲಕ ನೋಡುವವನಿಗೆ ಒತ್ತಿದ್ದರಿಂದ ಏನೂ ಆಗಲೇ ಇಲ್ಲ. ಅವಳು ಮತ್ತೊಮ್ಮೆ ಒತ್ತುತ್ತಿದ್ದಳು, ಒಂದೇ ಜಮಾ ಎರಡು ಸಲ ಬೀಳುತ್ತಿತ್ತು. ಪರದೆಯನ್ನು ಮ್ಯಾಗ್ನಿಫೈಯರ್‌ನಿಂದ ಹಿಗ್ಗಿಸಿಕೊಂಡು ಒಂದೇ ಮೂಲೆಯನ್ನು ನೋಡುವ ಲೆಕ್ಕಿಗರಿಗೂ ಅದೇ ಪಾಡು. ಈಗ ಸಂದೇಶ ಬಟನ್ನಿನ ಮೇಲೆಯೇ, ಒತ್ತಿದ ಜಾಗದಲ್ಲೇ ಬರುತ್ತದೆ, ಮುಂದಿನ ನಮೂದು ತೊಡಗುವವರೆಗೂ ಅಲ್ಲೇ ನಿಲ್ಲುತ್ತದೆ. ತಪ್ಪು ತುಂಬಿದ ಪೆಟ್ಟಿಗೆಯ ಎಚ್ಚರಿಕೆಯೂ ಆ ಪೆಟ್ಟಿಗೆಯ ಕೆಳಗೆ ಎಡ ಅಂಚಿಗೇ ಬರುತ್ತದೆ. ಮ್ಯಾಗ್ನಿಫೈಯರ್ ಕೀಬೋರ್ಡಿನ ಫೋಕಸ್ಸನ್ನು, ಅಂದರೆ ಕೀಲಿ ಒತ್ತಿದರೆ ಪರಿಣಾಮವಾಗುವ ಜಾಗವನ್ನು, ಹಿಂಬಾಲಿಸಬಲ್ಲದಾದ್ದರಿಂದ ಪ್ರತಿ ಬಟನ್ನೂ ಟ್ಯಾಬ್ ಕೀಲಿಗೆ ಸಿಗುವಂತೆ ಮಾಡಿ, ಫೋಕಸ್ ಇರುವ ಜಾಗದ ಸುತ್ತ ದಪ್ಪ ಗೆರೆ ಹಾಕಿದೆ.

ಕೋಷ್ಟಕಗಳು ಹೆಚ್ಚು ಕಾಡಿದವು. ದಿನದ ಜಮಾ-ಖರ್ಚಿನ ಸಾಲಿನಲ್ಲಿ ಹೆಸರು ಎಡತುದಿಗೆ, ಮೊತ್ತ ಬಲತುದಿಗೆ. 1280 ಪಿಕ್ಸೆಲ್ ಅಗಲದ ಪರದೆಯನ್ನು ಬ್ರೌಸರ್‌ನಲ್ಲಿ 400 ಪ್ರತಿಶತ ಹಿಗ್ಗಿಸಿದರೆ ಉಳಿಯುವ ಅಗಲ 320 ಪಿಕ್ಸೆಲ್, ಒಂದು ಸಣ್ಣ ಫೋನಿನಷ್ಟು. ಅಡ್ಡಡ್ಡ ಸರಿಸುತ್ತ ಹೋಗಿ ಮೊತ್ತವನ್ನು ಮುಟ್ಟುವಷ್ಟರಲ್ಲಿ ಯಾವ ಹೆಸರಿನ ಸಾಲಿನಲ್ಲಿದ್ದೇವೆ ಎಂಬುದೇ ಕೈತಪ್ಪುತ್ತಿತ್ತು. ಅಗಲ ಕಡಿಮೆಯಾದಾಗ ಪ್ರತಿ ಸಾಲೂ ಒಂದು ಚೀಟಿಯಂತೆ ಮಡಚಿಕೊಂಡು, ಹೆಸರಿನ ಕೆಳಗೇ ಮೊತ್ತ, ಅದರ ಕೆಳಗೆ ಖಾತೆಯ ಬಗೆ ಬರುವಂತೆ, ವೆಬ್ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಬರೆದೆ. ಸಂಘದ ಕಾರ್ಯದರ್ಶಿಯವರಿಗೆ ಇದು ಹಿಡಿಸಲಿಲ್ಲ. ಮೊದಲು ಒಂದೇ ನೋಟಕ್ಕೆ ಇಡೀ ದಿನದ ವಹಿವಾಟು ಕಾಣುತ್ತಿತ್ತು, ಈಗ ಅರ್ಧವೂ ಕಾಣುವುದಿಲ್ಲ ಎಂಬ ಅವರ ಮಾತಿನಲ್ಲಿ ಹುರುಳಿತ್ತು. ಮೊತ್ತಗಳನ್ನು ಮೇಲಿಂದ ಕೆಳಗೆ ಹೋಲಿಸಿ ನೋಡುವವರಿಗೆ ಕೋಷ್ಟಕವೇ ಬೇಕು. ಹೀಗಾಗಿ ‘ಒತ್ತಾಗಿ’ ಮತ್ತು ‘ಬಿಡಿಬಿಡಿಯಾಗಿ’ ಎಂಬ ಆಯ್ಕೆಯನ್ನೂ ಅಕ್ಷರದ ಅಳತೆಯ ಆಯ್ಕೆಯನ್ನೂ ಪ್ರತಿ ಪುಟದ ಮೇಲ್ಭಾಗದಲ್ಲಿಟ್ಟು, ಅವರವರ ಲಾಗಿನ್‌ಗೆ ಅವರವರ ಆಯ್ಕೆ ನೆನಪಿರುವಂತೆ ಮಾಡಿದೆ. ಸೆಟ್ಟಿಂಗ್ಸ್ ಪುಟದ ಒಳಗೆಲ್ಲೋ ಹುದುಗಿಸಿಟ್ಟರೆ, ಅದನ್ನು ಹುಡುಕಲು ಕಣ್ಣು ಬೇಕಾದವರಿಗೇ ಅದು ಸಿಗುವುದಿಲ್ಲ.

ಸಂಜೆಯ ಹೊತ್ತಿಗೆ ಕಣ್ಣು ದಣಿದಾಗ ಲೆಕ್ಕಿಗರು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಚ್ಚಿ ಕೇಳಿಸಿಕೊಳ್ಳುತ್ತಾರೆ. ಸದಸ್ಯರ ಹಳೆಯ ದಾಖಲೆಗಳು ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿಗೆ) ಮುಂಚಿನ ಫಾಂಟುಗಳಲ್ಲಿ ಇದ್ದುದರಿಂದ, ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಸಂಕೇತಗಳ ರಾಶಿಯಾಗಿ, ಅದು ಅರ್ಥವಿಲ್ಲದ್ದನ್ನು ಓದುತ್ತಿತ್ತು. ಅವನ್ನೆಲ್ಲ ಯೂನಿಕೋಡ್‌ಗೆ ಬದಲಿಸಿ, ಪರಿವರ್ತನೆಯಲ್ಲಿ ಅರ್ಕಾವೊತ್ತು ತಪ್ಪಿದ ಹೆಸರುಗಳನ್ನು ಕೈಯಿಂದ ತಿದ್ದಿದ್ದಾಯಿತು. ರಸೀದಿಗಳು ಮಾತ್ರ ಬಹುಕಾಲ ಪಿಡಿಎಫ್‌ನಲ್ಲೇ ಉಳಿದಿದ್ದವು. ನಾವು ಕೊಡುತ್ತಿದ್ದ ಪಿಡಿಎಫ್ ಪುಟದ ಅಗಲ ಗಟ್ಟಿಯಾಗಿದ್ದು, ಹಿಗ್ಗಿಸಿದರೆ ಸಾಲುಗಳು ಮಡಚಿಕೊಳ್ಳದೆ ಪರದೆಯಾಚೆ ಓಡುತ್ತಿದ್ದವು. ಈಗ ರಸೀದಿ ಮೊದಲು ಸಾಮಾನ್ಯ ವೆಬ್ ಪುಟವಾಗಿ ತೆರೆಯುತ್ತದೆ. ಸದಸ್ಯರು ಕಾಗದದ ಪ್ರತಿ ಕೇಳಿದಾಗ ಮಾತ್ರ ಅದೇ ಪುಟದಿಂದ ಮುದ್ರಿಸಿಕೊಡುತ್ತಾರೆ, ಮುದ್ರಣದಲ್ಲಿಯೂ ಮೊತ್ತದ ಸಾಲಿಗೆ ಪರದೆಯಲ್ಲಿರುವಷ್ಟೇ ಎತ್ತರ ಇಟ್ಟಿದ್ದೇನೆ.