ಹೊಸಬರಿಗೆ ಮಾರ್ಗದರ್ಶಿ: ಇಂಗ್ಲೆಂಡಿನ ಬೀದಿ, ನೆರೆಮನೆ ಮತ್ತು ನಿಮ್ಮ ಒಡವೆ

ಬೀದಿಯ ಕಂಬದ ಮೇಲೆ ‘ನೈಬರ್‌ಹುಡ್ ವಾಚ್’ ಎಂಬ ಫಲಕ ಕಂಡರೆ ಅಲ್ಲಿ ರಾತ್ರಿ ಗಸ್ತು ಇದೆ ಎಂದುಕೊಳ್ಳಬೇಡಿ. 1982ರಲ್ಲಿ ಚೆಷೈರ್‌ನ ಮಾಲಿಂಗ್ಟನ್ ಹಳ್ಳಿಯಲ್ಲಿ ಆರಂಭವಾಗಿ ಬ್ರಿಟನ್ನಿನಾದ್ಯಂತ ಹಬ್ಬಿದ ಈ ವ್ಯವಸ್ಥೆಯಲ್ಲಿ ಲಾಠಿ ಹಿಡಿದವರಿಲ್ಲ. ಒಬ್ಬರ ಮನೆಯ ಮೇಲೆ ಇನ್ನೊಬ್ಬರ ಕಣ್ಣಿರುತ್ತದೆ, ಅಷ್ಟೇ. ಸೇರಲು ಹಣ ಕೊಡಬೇಕಾಗಿಲ್ಲ. ಬಾಡಿಗೆಗೆ ಇರುವವರೂ ಸೇರಬಹುದು.

ಫಲಕವಿಲ್ಲದ ಬೀದಿಯಾದರೆ ಅಕ್ಕಪಕ್ಕದ ಮತ್ತು ಎದುರುಮನೆಯವರ ಪರಿಚಯ ಮಾಡಿಕೊಳ್ಳಿ. ಅವರಾಗಿಯೇ ಬಂದು ಮಾತನಾಡಿಸಲಿ ಎಂದು ಕಾದರೆ ವರ್ಷ ಉರುಳಬಹುದು. ಹೆಸರು, ಮೊಬೈಲ್ ಸಂಖ್ಯೆ ಬರೆದ ಚೀಟಿ ಹಿಡಿದು ಹೋಗಿ. ಜೊತೆಗೆ ಒಂದು ಡಬ್ಬಿ ಕೋಡುಬಳೆ ಇದ್ದರೆ ಮಾತು ಸಲೀಸು. (ಕಡಲೆಕಾಯಿ ಬೀಜ ಹಾಕಿದ ತಿಂಡಿಯಾದರೆ ಮೊದಲೇ ಹೇಳಿ. ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೇ ಅಪಾಯ.)

ನಮ್ಮ ಮನೆಗಳ ಮೇಲೆ ಕಳ್ಳರ ಕಣ್ಣು ಬೀಳಲು ಮುಖ್ಯ ಕಾರಣ ಬಂಗಾರ. ಭಾರತೀಯರು ಒಡವೆಯನ್ನು ಮನೆಯಲ್ಲೇ ಇಡುತ್ತಾರೆಂದು ಅವರಿಗೆ ಗೊತ್ತು. ದೀಪಾವಳಿಯ ಹೊತ್ತಿಗೆ ಹಲವು ಕಡೆ ಪೊಲೀಸರೇ ಎಚ್ಚರಿಸುತ್ತಾರೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಸಂಜೆ ಬೇಗ ಕತ್ತಲಾಗಿ, ದೀಪ ಉರಿಯದ ಮನೆ ಎದ್ದು ಕಾಣುತ್ತದೆ. ಒಂದು ದೀಪಕ್ಕೆ ಟೈಮರ್ ಹಾಕಿ. ರಾಜ್ಯೋತ್ಸವಕ್ಕೆ ಮನೆಮಂದಿಯೆಲ್ಲ ಒಡವೆ ತೊಟ್ಟು ಬಂದು, ಸಭಾಂಗಣದಿಂದಲೇ ಫೇಸ್‌ಬುಕ್‌ಗೆ ಫೋಟೊ ಏರಿಸುವ ಚಟವನ್ನು ನಮ್ಮ ಕನ್ನಡ ಸಂಘ ಎಷ್ಟು ಹೇಳಿದರೂ ಬಿಡಿಸಲಾಗಿಲ್ಲ. ಮನೆಗೆ ಮರಳಿದ ಮೇಲೆ ಹಾಕಿದರೂ ನೋಡಬೇಕಾದ ಸ್ನೇಹಿತರು ನೋಡುತ್ತಾರೆ.

ಬಾಗಿಲಿನ ವಿಷಯ. ಇಲ್ಲಿನ ಪ್ಲಾಸ್ಟಿಕ್ ಬಾಗಿಲನ್ನು ಬರೀ ಎಳೆದುಕೊಂಡರೆ ಬೀಗ ಬಿದ್ದಂತಲ್ಲ. ಹಿಡಿಕೆಯನ್ನು ಮೇಲಕ್ಕೆತ್ತಿ ಕೀಲಿ ತಿರುಗಿಸಿದಾಗಲೇ ಒಳಗಿನ ಕೊಂಡಿಗಳು ಚೌಕಟ್ಟಿನಲ್ಲಿ ಭದ್ರವಾಗಿ ಕೂರುತ್ತವೆ.

ಊರಿಗೆ ಹೋದರೆ ನಾವು ಐದಾರು ವಾರ ಇದ್ದೇ ಬರುವವರು. ಮನೆ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಅನೇಕ ವಿಮೆಗಳು ಕಳ್ಳತನದ ಪರಿಹಾರ ಕೊಡುವುದಿಲ್ಲ. ಹೊರಡುವ ಮೊದಲು ಕಂಪನಿಯನ್ನು ಕೇಳಿ. ಒಂದೊಂದು ಒಡವೆಗೂ ಪರಿಹಾರದ ಮಿತಿ ಇರುತ್ತದೆ. ಅದನ್ನು ಮೀರಿದ ನೆಕ್ಲೇಸನ್ನು ಪ್ರತ್ಯೇಕವಾಗಿ ನಮೂದಿಸಿ, ಫೋಟೊ ಮತ್ತು ರಸೀದಿ ಇಟ್ಟುಕೊಳ್ಳಿ. ನೆರೆಯವರು ಉಪಯೋಗಕ್ಕೆ ಬರುವುದು ಈಗಲೇ: ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಅಂಚೆಯನ್ನು ಒಳಗೆ ತಳ್ಳಲು, ಕಸದ ತೊಟ್ಟಿಯನ್ನು ಹೊರಗಿಟ್ಟು ಒಳಗೆ ತರಲು, ನಿಮ್ಮ ಅಂಗಳದಲ್ಲಿ ಅವರ ಕಾರು ನಿಲ್ಲಿಸಲು. ಅವರು ಸ್ಪೇನಿಗೆ ಹೋದಾಗ ಬೆಕ್ಕಿಗೆ ಊಟ ಹಾಕುವುದು, ಟೊಮೆಟೊ ಗಿಡಕ್ಕೆ ನೀರೆರೆಯುವುದು ನಿಮ್ಮ ಪಾಲು.

ಬೀದಿಯ ವಾಟ್ಸಾಪ್ ಗುಂಪಿನಲ್ಲಿ ‘ಯಾರೋ ಕಪ್ಪಗಿನವರು ಓಡಾಡುತ್ತಿದ್ದಾರೆ’ ಎಂದು ಬರೆಯಬೇಡಿ. ಪರದೆಯ ಸಂದಿಯಿಂದ ನಮ್ಮನ್ನೂ ಹಾಗೆಯೇ ನೋಡಿದವರಿದ್ದಾರೆ. ಏನು ಮಾಡುತ್ತಿದ್ದರು, ಎಷ್ಟು ಹೊತ್ತಿಗೆ, ಕಾರಿನ ಸಂಖ್ಯೆ ಏನು ಎಂದು ಬರೆಯಿರಿ. ಬೆನ್ನಟ್ಟಲಂತೂ ಹೋಗಲೇಬೇಡಿ.

ಕಳ್ಳತನ ನಡೆಯುತ್ತಿರುವಾಗಲೇ ಕಂಡರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು ಕೇಳಿ. ಮಾತನಾಡಲಾಗದಿದ್ದರೆ, ಮೊಬೈಲಿನಿಂದ ಕರೆ ಮಾಡಿದ್ದಾಗ, ಸೂಚನೆ ಕೇಳಿಸಿದ ಮೇಲೆ 55 ಒತ್ತಿ. ನಡೆದುಹೋದದ್ದಕ್ಕೆ ಪೊಲೀಸರ 101; ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ವಿಮೆಯವರು ಕೇಳುತ್ತಾರೆ. ಹೆಸರು ಹೇಳದೆ ಮಾಹಿತಿ ಕೊಡಬೇಕೆಂದರೆ ಕ್ರೈಮ್‌ಸ್ಟಾಪರ್ಸ್ ಎಂಬ ಸೇವಾಸಂಸ್ಥೆ, 0800 555 111.

ಊರಿನಿಂದ ಬಂದ ಅಪ್ಪ ಅಮ್ಮ ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರಾದರೆ ಈ ಸಂಖ್ಯೆಗಳನ್ನೂ ಪಕ್ಕದ ಮನೆಯವರ ಹೆಸರನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಒಮ್ಮೆ ಅವರನ್ನು ಪಕ್ಕದ ಮನೆಗೂ ಕರೆದುಕೊಂಡು ಹೋಗಿ ಬನ್ನಿ.