ಕಾಕ್‌ಪಿಟ್‌ಗೆ ಎರಡನೇ ಮಾನಿಟರ್: ಮೊದಲು ರಟ್ಟು ಕತ್ತರಿಸಿ

ಚಾಮರಾಜಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಶಾಲೆಯ ಪ್ರಶ್ನೆಪತ್ರಿಕೆ, ಹಗಲೆಲ್ಲ ಇದೇ ಕೆಲಸ. ರಾತ್ರಿ ಅಡುಗೆಮನೆ ದೀಪ ಆರಿಸಿದ ಮೇಲೆ ನಾನು ಸೆಸ್ನಾ 172 ಎಂಬ ಪುಟ್ಟ ವಿಮಾನ ಹತ್ತುತ್ತೇನೆ, ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ಹನುಮಂತನಗರದ ಮನೆಯ ಮೂಲೆ ಕೋಣೆಯಲ್ಲಿ ನಾಲ್ಕಡಿ ಮೇಜು, ಒಂದು ಯೋಕ್ (ವಿಮಾನದ ಸ್ಟೀರಿಂಗ್), ಕಾಲ ಕೆಳಗೆ ಪೆಡಲ್. ಜಕ್ಕೂರಿನಿಂದ ಹಾರಿ ಮೈಸೂರಿನಲ್ಲಿ ಇಳಿದು ಮಲಗುತ್ತೇನೆ. ಹೊರಡುವಾಗ ಅತ್ತೆ, “ಬರ್ತಾ ವೀಳ್ಯದೆಲೆ ತಗೊಂಡು ಬಾ” ಅಂತ ರೇಗಿಸುತ್ತಾರೆ.

ಎರಡನೇ ಮಾನಿಟರ್ ವಿಷಯದಲ್ಲಿ ನಾನು ಮೊದಲು ಎಡವಿದೆ. 27 ಇಂಚಿನದು ಆಫರ್‌ನಲ್ಲಿ ಸಿಕ್ಕಿತು ಅಂತ ತಂದು, ಮೇಜಿನ ಎಡಗಡೆ ಇಟ್ಟು, ವೇಗ, ಎತ್ತರ ತೋರಿಸುವ ಮೀಟರುಗಳನ್ನೆಲ್ಲ ಅದರಲ್ಲಿ ಹಾಕಿದೆ. ನೋಡೋಕೆ ಭರ್ಜರಿಯಾಗಿತ್ತು. ಆದರೆ ಇಳಿಯುವಾಗ ವೇಗ 65 ನಾಟ್ ಆಸುಪಾಸಿನಲ್ಲಿ ಇರಬೇಕು, ಅದನ್ನು ನೋಡಲು ಕತ್ತನ್ನೇ ಎಡಕ್ಕೆ ತಿರುಗಿಸಬೇಕು. ತಿರುಗಿಸಿ ವಾಪಸ್ ಬರುವಷ್ಟರಲ್ಲಿ ರನ್‌ವೇ ಪಕ್ಕಕ್ಕೆ ಸರಿದಿರುತ್ತಿತ್ತು. ಒಂದು ತಿಂಗಳು ಹುಲ್ಲಿನ ಮೇಲೇ ಇಳಿದೆ. ಕತ್ತಿಗೆ ಅಮೃತಾಂಜನ ಬೇರೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಮಾನಿಟರ್‌ನಲ್ಲಿ ಹೊರಗಿನ ನೋಟ ಬೇಕಾ, ಮೀಟರ್ ಬೇಕಾ? ಹೊರಗಿನ ನೋಟಕ್ಕೆ ಅಂದರೆ ನನ್ನ ಅಭಿಪ್ರಾಯದಲ್ಲಿ ಎರಡು ಸಾಲದು. ಒಂದೇ ಅಳತೆಯ ಎರಡನ್ನು ಅಕ್ಕಪಕ್ಕ ಇಟ್ಟರೆ ಚೌಕಟ್ಟಿನ ಪಟ್ಟಿ ಸರಿಯಾಗಿ ಮೂಗಿನ ನೇರಕ್ಕೆ ಬರುತ್ತದೆ, ರನ್‌ವೇ ಇರಬೇಕಾದ ಜಾಗದಲ್ಲಿ. ಮೂರು ಇಡಿ, ಇಲ್ಲವೇ ಒಂದೇ ದೊಡ್ಡದನ್ನು ಇಡಿ. ಎರಡನೆಯದು ಮೀಟರಿಗೇ ಸರಿ, ಅದರ ಜಾಗ ಮುಖ್ಯ ಮಾನಿಟರ್‌ನ ಕೆಳಗೆ. ಆಗ ತಲೆ ಅಲ್ಲಾಡುವುದಿಲ್ಲ, ಕಣ್ಣು ಮಾತ್ರ ಇಳಿಯುತ್ತದೆ.

ಇನ್ನು ಅಳತೆ. ಸಣ್ಣ ವಿಮಾನಗಳ ದುಂಡು ಮೀಟರುಗಳ ಅಳತೆ ಸಾಮಾನ್ಯವಾಗಿ ಮೂರೂ ಎಂಟನೇ ಒಂದು (3⅛) ಇಂಚು, ಅಂದರೆ 79 ಮಿಲಿಮೀಟರ್. ಕೈಬಳೆಗಿಂತ ಸ್ವಲ್ಪ ದೊಡ್ಡದು. ಮುಖ್ಯವಾದವು ಆರು: ವೇಗ, ವಿಮಾನದ ವಾಲು, ಎತ್ತರ ಮೇಲಿನ ಸಾಲಿನಲ್ಲಿ, ತಿರುವು, ದಿಕ್ಕು, ಏರಿಳಿತ ಕೆಳಗಿನ ಸಾಲಿನಲ್ಲಿ. ಅಂಗಡಿಯಲ್ಲಿ ಬೈಂಡಿಂಗ್‌ಗೆ ಇಟ್ಟಿದ್ದ ರಟ್ಟಿನಲ್ಲಿ ಇಂಥ ಆರು ಬಿಲ್ಲೆ ಕತ್ತರಿಸಿದೆ. ನಡುವೆ ಬೆರಳಗಲ ಜಾಗ ಬಿಟ್ಟು ಮೇಜಿನ ಮೇಲೆ ಜೋಡಿಸಿ, ಸ್ಕೇಲ್ ಇಟ್ಟು ನೋಡಿದರೆ ಅಗಲ 270, ಎತ್ತರ 175 ಮಿಲಿಮೀಟರ್ ಹತ್ತಿರ. ಅಷ್ಟೇ! ಇದಕ್ಕೆ 27 ಇಂಚು ಯಾಕೆ ಬೇಕು ಹೇಳಿ?

15.6 ಇಂಚಿನ ಪರದೆ ಸುಮಾರು 345 ಮಿಲಿಮೀಟರ್ ಅಗಲ, 194 ಎತ್ತರ. ಆರೂ ಮೀಟರ್ ಹಿಡಿಯುತ್ತವೆ, ಆದರೆ ಎಂಜಿನ್ ಮೀಟರಿಗೆ, ರೇಡಿಯೋಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಹಳೇ ಆಫೀಸುಗಳಲ್ಲಿ ಇರುತ್ತಿದ್ದ 19 ಇಂಚಿನ ಚೌಕ ಮಾನಿಟರ್ ನೆನಪಿದೆಯಾ? ಅದು 376 ಅಗಲ, 301 ಎತ್ತರ. ಆರು ಮೀಟರಿನ ಕೆಳಗೆ ಇನ್ನೂ ಅರ್ಧ ಗೇಣಿಗೂ ಮಿಕ್ಕಿ ಜಾಗ. ಯಾರಿಗೂ ಬೇಡವಾದ ಆ ಆಕಾರವೇ ನಮಗೆ ಬೇಕಾದದ್ದು. ನೀವು ದುಂಡು ಮೀಟರ್ ಬಿಟ್ಟು, ಎಲ್ಲವೂ ಪರದೆಯಲ್ಲೇ ಮೂಡುವ ಗಾರ್ಮಿನ್ ಜಿ1000 ಇರುವ ವಿಮಾನ ಹಾರಿಸುವವರಾದರೆ ಲೆಕ್ಕ ಬೇರೆ. ಅದರ ಒಂದೊಂದು ಪರದೆ 10.4 ಇಂಚು. ಎರಡು ಪಕ್ಕಪಕ್ಕ ಇಟ್ಟರೆ 420 ಮಿಲಿಮೀಟರ್ ದಾಟುತ್ತದೆ, 24 ಇಂಚಿನದು ತಗೊಳ್ಳಿ.

ಅಂಗಡಿಯವರು ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವುದು) 144, 165 ಅಂತೆಲ್ಲ ಹೇಳುತ್ತಾರೆ. ಸುಮ್ನೆ ನಕ್ಕುಬಿಡಿ. ಮುಳ್ಳು ತಿರುಗುವುದಕ್ಕೆ 60 ಹರ್ಟ್ಸ್ ಧಾರಾಳ. ಆ ದುಡ್ಡನ್ನು ಪ್ಯಾನೆಲ್ ಮೇಲೆ ಹಾಕಿ. ಮೀಟರ್ ಪರದೆ ಕಣ್ಣಿಗಿಂತ ಕೆಳಗಿರುವುದರಿಂದ ನಾವು ಯಾವಾಗಲೂ ಅದನ್ನು ಮೇಲಿನಿಂದ ನೋಡುತ್ತೇವೆ. ಟಿಎನ್ ಪ್ಯಾನೆಲ್ ಆದರೆ ಹಾಗೆ ನೋಡಿದಾಗ ಕಪ್ಪು ಬಣ್ಣ ಬೂದಿಯಾಗುತ್ತದೆ, ಹಸಿರು ಪಟ್ಟಿ ಯಾವುದು ಹಳದಿ ಯಾವುದು ತಿಳಿಯದು. ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪ್ಯಾನೆಲ್ ಇರಲಿ. ಪರದೆ ಕನ್ನಡಿಯಂತೆ ಹೊಳೆಯದೆ ಮಂಕಾಗಿರಲಿ, ಇಲ್ಲದಿದ್ದರೆ ಟ್ಯೂಬ್‌ಲೈಟ್ ಎತ್ತರದ ಮೀಟರ್ ಮೇಲೇ ಕೂರುತ್ತದೆ.

ಕಂಪ್ಯೂಟರ್‌ಗೆ ಬೀಳುವ ಹೊರೆಯ ಬಗ್ಗೆಯೂ ತಿಳಿದಿರಲಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಬಲಗಡೆಯ ಆಲ್ಟ್ ಒತ್ತಿಕೊಂಡು ಪರದೆಯ ಮೇಲೆ ಕ್ಲಿಕ್ ಮಾಡಿದರೆ ಅದು ಬೇರೆ ಕಿಟಕಿಯಾಗಿ ಹೊರಬರುತ್ತದೆ. ಆದರೆ ಇದು ಜಿ1000 ಥರದ ಪರದೆಗಳಿಗೆ ಮಾತ್ರ, ದುಂಡು ಮೀಟರ್ ಹೀಗೆ ಬರುವುದಿಲ್ಲ. ಹೊರಬಂದ ಪ್ರತಿ ಕಿಟಕಿಯೂ ಫ್ರೇಮ್ ತಿನ್ನುತ್ತದೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳು ಕಡಿಮೆಯಾಗುತ್ತವೆ. ದುಂಡು ಮೀಟರಿಗೆ ನಾನು ಬಳಸುವುದು ಏರ್ ಮ್ಯಾನೇಜರ್, ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. ಅದು ಮನೆಯ ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿನಲ್ಲೂ ಓಡುತ್ತದೆ. ಅಂಗಡಿಯಿಂದ ನಿವೃತ್ತಿಯಾದ ಹಳೇ ಪಿಸಿಗೆ ಚೌಕ ಮಾನಿಟರ್ ಸಿಕ್ಕಿಸಿದೆ, ಮುಖ್ಯ ಕಂಪ್ಯೂಟರ್ ನಿರಾಳ. ಎರಡಕ್ಕೂ ವಿಜಿಎ ಎಂಬ ಹಳೇ ಕಾಲದ ಕೇಬಲ್ ಕಿಂಡಿ ಇದ್ದದ್ದರಿಂದ ಕೇಬಲ್ ತಲೆನೋವೂ ಇರಲಿಲ್ಲ. ನಿಮ್ಮ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸುವುದಾದರೆ ಡಿವಿಐ ಇರುವ ಹಳೇ ಮಾನಿಟರ್ ಹುಡುಕಿ. ಆ ಕಿಂಡಿಯನ್ನು ಕಾರ್ಡಿನ ಎಚ್‌ಡಿಎಂಐಗೆ ಸೇರಿಸಲು ಸಾದಾ ಕನೆಕ್ಟರ್ ಸಾಕು. ಬರೀ ವಿಜಿಎ ಇದ್ದರೆ ಕನ್ವರ್ಟರ್ ಬೇಕಾಗುತ್ತದೆ.

ಹಳೇ ಚೌಕ ಮಾನಿಟರನ್ನು ನಾನು ಕೊಂಡದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ. ಭಾನುವಾರ ಬೇಡ, ವಾರದ ದಿನ ಬೆಳಿಗ್ಗೆ ಹೋಗಿ. ಲ್ಯಾಪ್‌ಟಾಪು, ಕೇಬಲ್ಲು ನಿಮ್ಮದೇ ಇರಲಿ. ಬಿಳಿ ಪುಟ ತೆರೆದು ಹತ್ತು ನಿಮಿಷ ಹಾಗೇ ಬಿಡಿ, ಅಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು. ಪರದೆಯ ಹಿಂದೆ ಸಣ್ಣ ಟ್ಯೂಬ್‌ಲೈಟ್ ಉರಿಯುವ ಹಳೇ ಮಾನಿಟರುಗಳು ಅಂಚಿನಲ್ಲಿ ಹಳದಿ ತಿರುಗಿರುತ್ತವೆ, ಬಿಳಿ ಪುಟದಲ್ಲಿ ಅದು ಎದ್ದು ಕಾಣುತ್ತದೆ. ಆಮೇಲೆ ಕಪ್ಪು, ಕೆಂಪು ಪುಟ ಹಾಕಿ ಸತ್ತ ಚುಕ್ಕೆ ಹುಡುಕಿ. ನಿಂತು ಮೇಲಿನಿಂದ ಬಗ್ಗಿ ನೋಡಿ. ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿ, ಯಾಕೆಂದರೆ ಕೆಲವು ಸೊನ್ನೆಯಲ್ಲೂ ಉರಿಯುತ್ತವೆ, ರಾತ್ರಿ ಹಾರಾಟಕ್ಕೆ ಕಣ್ಣು ಕುಕ್ಕುತ್ತದೆ. ಹಿಂದೆ ತಿರುಗಿಸಿ ತಯಾರಾದ ವರ್ಷ ಓದಿ, ನಾಲ್ಕು ಸ್ಕ್ರೂ ತೂತು 75 ಅಥವಾ 100 ಮಿಲಿಮೀಟರ್ ದೂರದಲ್ಲಿವೆಯಾ ನೋಡಿ. ಸ್ಟ್ಯಾಂಡ್ ಬಿಚ್ಚಿ ಮೇಜಿನ ಕೆಳಗಿಳಿಸಿ ಕೂರಿಸಲು ಅವೇ ಆಧಾರ.

ನಾನು ಅದನ್ನು ಪುಸ್ತಕದ ಸ್ಟ್ಯಾಂಡಿನಂತೆ ತುಸು ಹಿಂದಕ್ಕೆ ವಾಲಿಸಿದ್ದೇನೆ. ಮುಂದೆ ಕಪ್ಪು ರಟ್ಟು, ಅದರಲ್ಲಿ ಆರು ತೂತು. ಅತ್ತೆ ಒಮ್ಮೆ ಬಂದು ನೋಡಿ, “ಇಷ್ಟು ಗಡಿಯಾರದಲ್ಲಿ ಒಂದೂ ಸರಿಯಾದ ಟೈಮ್ ತೋರಿಸ್ತಿಲ್ಲವಲ್ಲ” ಅಂದರು. ಕರೆಂಟ್ ವಿಷಯ ಮರೆತಿದ್ದೆ: ಮೀಟರಿನ ಪಿಸಿ ಮತ್ತು ಮಾನಿಟರನ್ನೂ ಯುಪಿಎಸ್‌ಗೇ ಸೇರಿಸಿ, ವೈಫೈ ಡಬ್ಬಿಯನ್ನೂ. ಮಳೆಗಾಲದಲ್ಲಿ ಕರೆಂಟ್ ಹೋಗಿ ಅದೊಂದೇ ಆರಿದರೆ ವಿಮಾನ ಹಾರುತ್ತಲೇ ಇರುತ್ತದೆ, ಮುಳ್ಳು ಮಾತ್ರ ನಿಂತಿರುತ್ತದೆ.