ಮೊದಲು ಕಡಲು, ಆಮೇಲೆ ಗೇಟು, ಕೊನೆಗೆ ಕೋಣೆ: ದೊಡ್ಡ ಮಕ್ಕಳ ಜೊತೆ ಅರೂಬಾ

ಮಕ್ಕಳು ಚಿಕ್ಕವರಿದ್ದಾಗ ಕೆರಿಬಿಯನ್ ರಿಸಾರ್ಟ್ ಆರಿಸುವುದು ಸುಲಭ. ಕಿಡ್ಸ್ ಕ್ಲಬ್, ಜಾರುಬಂಡೆ, ಐಸ್‌ಕ್ರೀಮ್ ಇದ್ದರೆ ಮುಗಿಯಿತು. ನಮ್ಮ ಮಗನಿಗೆ 16, ಮಗಳಿಗೆ 13. ಈ ವಯಸ್ಸಿಗೆ ಆ ಲೆಕ್ಕ ಯಾವುದೂ ಕೆಲಸಕ್ಕೆ ಬರಲ್ಲ. ಅದಕ್ಕೇ ಈ ಸಲ ನಾನು ರಿಸಾರ್ಟ್ ಹುಡುಕುವುದನ್ನೇ ಬಿಟ್ಟೆ. ಮೊದಲು ಕಡಲು ನೋಡಿದೆ, ಆಮೇಲೆ ಗೇಟಿನ ಹೊರಗಿನ ರಸ್ತೆ, ಕೊನೆಗೆ ಕೋಣೆ. ಹಾಗೆ ಸಿಕ್ಕಿದ್ದು ಅರೂಬಾ ದ್ವೀಪ, ಅದೂ ಆಗಸ್ಟ್‌ನಲ್ಲಿ. ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಚಂಡಮಾರುತದ ಸೀಸನ್ ಕಣಮ್ಮಾ, ಸುಮ್ನೆ ದುಡ್ಡು ಕಳ್ಕೋತೀಯ" ಅಂದರು ನಮ್ಮ ಭಾವ. ಹೋಗಿ ಬಂದ ಮೇಲೆ ನನ್ನ ಎಕ್ಸೆಲ್ ಶೀಟ್ ಕೇಳಿದವರಲ್ಲಿ ಅವರೇ ಮೊದಲಿಗರು.

ಈ ದಾರಿ ಹಿಡಿಯಲು ಕಾರಣ ಹಿಂದಿನ ಪ್ರವಾಸಗಳು. ಒಂದು ಸಲ ಡೊಮಿನಿಕನ್ ರಿಪಬ್ಲಿಕ್‌ನ ಪೂರ್ವ ಕರಾವಳಿಗೆ ಹೋಗಿದ್ದೆವು, ಜುಲೈನಲ್ಲಿ. ಬಾಲ್ಕನಿಗೆ ಬಂದು ನೋಡಿದರೆ ದಡದುದ್ದಕ್ಕೂ ಮೊಣಕಾಲೆತ್ತರ ಕಂದು ಪಾಚಿ. ಕೊಳೆತ ಮೊಟ್ಟೆಯ ವಾಸನೆ ಊಟದ ಹಾಲ್‌ವರೆಗೂ ಬರುತ್ತಿತ್ತು. ಬೆಳಗಿನಿಂದ ಟ್ರ್ಯಾಕ್ಟರ್ ಬಳಿಯುತ್ತಲೇ ಇತ್ತು, ಸಂಜೆಗೆ ಮತ್ತೆ ಅಷ್ಟೇ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿದ್ದೆ, "ನಮ್ಮ ಬೀಚ್ ಕ್ಲೀನ್ ಇದೆ" ಅಂದಿದ್ದರು. ಇದು ಸಾರ್ಗಾಸಮ್. 2011ರಿಂದೀಚೆಗೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯೂ ಅಟ್ಲಾಂಟಿಕ್‌ನಿಂದ ರಾಶಿಗಟ್ಟಲೆ ತೇಲಿ ಬರುತ್ತದೆ. ಗಾಳಿ ಪೂರ್ವದಿಂದ ಬೀಸುವುದರಿಂದ ಪೂರ್ವಕ್ಕೆ ಮುಖ ಮಾಡಿದ ದಡಕ್ಕೇ ಜಾಸ್ತಿ ಹೊಡೆತ. ಇನ್ನೊಂದು ಕಡೆ 'ಟೀನ್ ಕ್ಲಬ್' ಅಂತ ದೊಡ್ಡದಾಗಿ ಹಾಕಿಕೊಂಡಿದ್ದರು. ಕಿಟಕಿಯಿಲ್ಲದ ಒಂದು ರೂಮು, ರಬ್ಬರ್ ಕಿತ್ತು ಬಂದ ಟೇಬಲ್ ಟೆನ್ನಿಸ್ ಬ್ಯಾಟು, ಸಂಜೆ ನಾಲ್ಕರಿಂದ ಆರು ಗಂಟೆ. ಮಗ ಒಂದು ಸಲ ಇಣುಕಿ ವಾಪಸ್ ಬಂದ. ಗೇಟಿನ ಹೊರಗೆ ಹೆದ್ದಾರಿ ಬಿಟ್ಟರೆ ಏನೂ ಇರಲಿಲ್ಲ. ಪೂಲ್, ಫೋನು, ಪೂಲ್, ಫೋನು. ಅಷ್ಟೇ ರಜೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆಲ್ ಇನ್‌ಕ್ಲೂಸಿವ್‌ಗಳಲ್ಲಿ, ಅಂದರೆ ಊಟ, ಕುಡಿಯುವುದು ಎಲ್ಲ ಸೇರಿ ಒಂದೇ ದರದ ರಿಸಾರ್ಟ್‌ಗಳಲ್ಲಿ, ಎಷ್ಟೋ ಕಡೆ 12 ಅಥವಾ 13 ದಾಟಿದರೆ ದೊಡ್ಡವರ ರೇಟು. ಅಂದರೆ ನಮ್ಮ ಮನೆಯಲ್ಲಿ ನಾಲ್ಕು ಜನ ದೊಡ್ಡವರು. ನಾಲ್ವರೂ ಸಸ್ಯಾಹಾರಿಗಳು, ಯಾರೂ ಕುಡಿಯಲ್ಲ. ಬಾರ್‌ಗೂ ಸ್ಟೀಕ್‌ಗೂ ದುಡ್ಡು ಕಟ್ಟಿ ನಾವು ತಿನ್ನುವುದು ಅನ್ನ, ಬೀನ್ಸ್, ಹಣ್ಣು. ಅಂಥ ಕಡೆ ಕಳೆದ ಒಂದು ವಾರಕ್ಕೆ ವಿಮಾನ ಸೇರಿ ಏಳೂವರೆ ಸಾವಿರ ಡಾಲರ್ ದಾಟಿತ್ತು. ಅರೂಬಾದಲ್ಲಿ ಒಟ್ಟು ಐದು ಸಾವಿರದ ಸ್ವಲ್ಪ ಮೇಲೆ ಮುಗಿಯಿತು. ನೆವಾರ್ಕ್‌ನಿಂದ ನೇರ ವಿಮಾನ, ತಲೆಗೆ ನಾನೂರ ಚಿಲ್ಲರೆ. ಅಡುಗೆಮನೆ ಇರುವ ಕೋಣೆಗೆ ತೆರಿಗೆ, ರಿಸಾರ್ಟ್ ಶುಲ್ಕ ಸೇರಿ ರಾತ್ರಿಗೆ ಮುನ್ನೂರರ ಆಸುಪಾಸು. ಊಟಕ್ಕೆ ಏಳುನೂರು. ಉಳಿದದ್ದು ನೀರಿನ ಆಟಕ್ಕೆ, ಬಸ್ಸಿಗೆ, ಟ್ಯಾಕ್ಸಿಗೆ. ದ್ವೀಪಕ್ಕೆ ಕಾಲಿಡಲು ತಲೆಗೆ 20 ಡಾಲರ್ ಶುಲ್ಕ ಬೇರೆ ಇದೆ, ಫಾರಂ ತುಂಬುವಾಗಲೇ ಕಟ್ಟಬೇಕು.

ಆಗಸ್ಟ್ ಯಾಕೆ ಅಂದರೆ ಆಗ ರೇಟು ಇಳಿದಿರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಅನ್ನುವುದು ನಿಜ. 2024ರಲ್ಲಿ ಬೆರಿಲ್ ಚಂಡಮಾರುತ ಜುಲೈ 1ಕ್ಕೇ ಗ್ರೆನಡಾದ ಕಾರಿಯಾಕು ದ್ವೀಪವನ್ನು ಪುಡಿ ಮಾಡಿತ್ತು. ಆದರೆ ಭೂಪಟ ನೋಡಿ. ಅರೂಬಾ, ಕ್ಯುರಸಾವ್, ಬೊನೇರ್ ಮೂರೂ ವೆನೆಜುವೆಲಾದ ಮಗ್ಗುಲಲ್ಲೇ, ತೀರಾ ದಕ್ಷಿಣಕ್ಕಿವೆ. ಚಂಡಮಾರುತಗಳ ಮಾಮೂಲಿ ದಾರಿ ಇನ್ನೂ ಉತ್ತರಕ್ಕೆ. ಅಪಾಯ ಇಲ್ಲವೇ ಇಲ್ಲ ಅನ್ನಲ್ಲ. 2007ರಲ್ಲಿ ಫೆಲಿಕ್ಸ್ ಪಕ್ಕದಲ್ಲೇ ಹಾದು ಹೋಗಿತ್ತು. ಅದಕ್ಕೇ ಕೋಣೆಯನ್ನು ಪೂರ್ತಿ ರೀಫಂಡ್ ಸಿಗುವ ದರದಲ್ಲೇ ಹಿಡಿದೆ. ಹದಿನೈದು ಇಪ್ಪತ್ತು ಡಾಲರ್ ಜಾಸ್ತಿ, ಕೊಡಬೇಕು.

ಕೋಣೆ ಹಿಡಿಯುವಾಗ ನಾನು ಕೇಳುವ ಪ್ರಶ್ನೆ ಒಂದಿದೆ: ಸೋಫಾ ಬೆಡ್‌ನ ಹಾಸಿಗೆ ಎಷ್ಟು ಇಂಚು ಉದ್ದ? 'ನಾಲ್ಕು ಜನ ಮಲಗಬಹುದು' ಅಂತ ಎಲ್ಲರೂ ಬರೆದಿರುತ್ತಾರೆ. 72 ಇಂಚು ಅಂದರೆ ಆರು ಅಡಿ, ನಮ್ಮ ಮಗನೂ ಆರು ಅಡಿ. ದಿಂಬು ಇಟ್ಟರೆ ಪಾದ ಹೊರಗೆ, ಕಂಬಿ ಮೇಲೆ. ಅಳೆದು ಹೇಳಿ ಅಂತ ಇಮೇಲ್ ಮಾಡಿದೆ. ಟೇಪ್ ಹಿಡಿದು ಅಳೆದು ಫೋಟೋ ಕಳಿಸಿದ್ದು ಒಂದೇ ಹೋಟೆಲ್. ಅಲ್ಲೇ ಹಿಡಿದೆ. ರೇಟು ಇನ್ನೂ ಇಳಿಸಲು ಆ ಇಮೇಲ್‌ನಲ್ಲಿ ಇನ್ನೆರಡು ಸಾಲು ಬರೆದಿದ್ದೆ. ಅದನ್ನು ಇಲ್ಲಿ ಹೇಳಲ್ಲ, ಎಲ್ಲರೂ ಬರೆದರೆ ನಡೆಯಲ್ಲ.

ಗೇಟಿನ ಲೆಕ್ಕ ಹೀಗೆ. ಮ್ಯಾಪ್‌ನಲ್ಲಿ ಗೇಟಿನಿಂದ ಹತ್ತು ನಿಮಿಷ ನಡೆಯುವ ದೂರ ಅಳೆದು, ಅದರೊಳಗೆ ಮಕ್ಕಳು ನಮ್ಮನ್ನು ಬಿಟ್ಟು ತಾವೇ ಹೋಗಬಹುದಾದ ಜಾಗ ಎಷ್ಟಿವೆ ಅಂತ ನೋಡುತ್ತೇನೆ. ಅರೂಬಾದ ಪಾಮ್ ಬೀಚ್‌ನಲ್ಲಿ ಫುಟ್‌ಪಾತ್, ಐಸ್‌ಕ್ರೀಮ್, ಅಂಗಡಿ ಸಾಲು, ಬಸ್ ಸ್ಟಾಪ್ ಎಲ್ಲ ಇದೆ. ಅರೂಬಸ್ ಅನ್ನುವ ಅಲ್ಲಿಯ ಬಸ್ಸಿನಲ್ಲಿ ಸುಮಾರು ಎರಡೂವರೆ ಡಾಲರ್ ಕೊಟ್ಟರೆ ಒರಾನ್ಯೆಸ್ಟಾಡ್ ಪೇಟೆ, ಈ ಕಡೆ ಅರಾಶಿ ಬೀಚ್. ಮಗಳನ್ನು ಕರೆದುಕೊಂಡು ಮಗ ಬಸ್ ಹತ್ತಿದ ದಿನ ಇಬ್ಬರ ಮುಖ ನೋಡಬೇಕಿತ್ತು. ಚೀಸ್ ಪಾಸ್ಟೇಚಿ ತಂದಿದ್ದರು, ನಮ್ಮ ಕರಿದ ಕಡುಬಿನ ಹಾಗೆ ಇರುತ್ತದೆ, ಒಳಗೆ ಹೂರಣದ ಬದಲು ಚೀಸ್. ಈಗಲ್ ಬೀಚ್ ನೋಡಲು ಇನ್ನೂ ಚೆಂದ, ಮರಳು ಅಗಲ, ಗದ್ದಲ ಕಡಿಮೆ. ಆದರೆ ಈ ವಯಸ್ಸಿನ ಮಕ್ಕಳಿಗೆ ಸಂಜೆ ಏಳರ ಮೇಲೆ ಅಲ್ಲಿ ಏನೂ ಇಲ್ಲ. ಅಲ್ಲಿ ಕತ್ತಲೂ ಬೇಗ. ಅರೂಬಾ ಇರುವುದು ಹೆಚ್ಚುಕಡಿಮೆ ಮಂಡ್ಯದ ಅಕ್ಷಾಂಶದಲ್ಲಿ, ಆಗಸ್ಟ್‌ನಲ್ಲೂ ಏಳು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನ್ಯೂಜೆರ್ಸಿಯ ಉದ್ದ ಸಂಜೆಗೆ ಒಗ್ಗಿದ ಮಕ್ಕಳಿಗೆ ರಾತ್ರಿಯೂ ಏನಾದರೂ ಬೇಕಾಗುತ್ತದೆ.

ಕಡಲಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಾಮ್ ಬೀಚ್ ಇರುವ ಪಶ್ಚಿಮ ದಡದಲ್ಲಿ ಪಾಚಿ ಇರಲಿಲ್ಲ, ಅಲೆಯೂ ಇಲ್ಲ. ಅದೇ ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗಿ ನೋಡಿದೆವು, ಅಲ್ಲಿ ಪಾಚಿ ಬಿದ್ದಿತ್ತು. ಆದರೆ ಪೂರ್ವದ ಗಾಳಿ ಪಶ್ಚಿಮ ದಡದಲ್ಲಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ನೀರು ಶಾಂತವಾಗಿ ಕಾಣುತ್ತದೆ, ಗಾಳಿ ತುಂಬಿದ ಟ್ಯೂಬ್ ಮೇಲೆ ಮಲಗಿದರೆ ಮಾತ್ರ ನೋಡನೋಡುತ್ತ ದೂರ ಒಯ್ಯುತ್ತದೆ. ನಮ್ಮಲ್ಲಿ ಟ್ಯೂಬ್, ಮ್ಯಾಟ್ರೆಸ್ ಎರಡೂ ನಿಷೇಧ. ಅದೇ ಗಾಳಿ ಹಾಡಿಕುರಾರಿ ಬೀಚ್‌ನಲ್ಲಿ ವಿಂಡ್‌ಸರ್ಫಿಂಗ್‌ಗೆ (ಹಾಯಿ ಕಟ್ಟಿದ ಹಲಗೆ ಮೇಲೆ ನಿಂತು ಸಾಗುವ ಆಟ) ಹೇಳಿ ಮಾಡಿಸಿದ್ದು. ಬಹಳ ದೂರದವರೆಗೂ ನೀರು ಸೊಂಟಮಟ್ಟ. ಮಗಳಿಗೆ ಕಲಿಸುವವರು ಮೊದಲು ಹೇಳಿಕೊಟ್ಟದ್ದು ಇಷ್ಟು: ತಿರುಗಿ ಬರಲು ಆಗದಿದ್ದರೆ ಹಾಯಿ ನೀರಿಗೆ ಬಿಡು, ಹಲಗೆ ಮೇಲೆ ಕೂತು ಎರಡೂ ಕೈ ಬೀಸು, ಹಲಗೆ ಮಾತ್ರ ಬಿಡಬೇಡ. ಎರಡು ದಿನ ಬರೀ ಬಿದ್ದಳು. ಮೂರನೇ ಪಾಠದಲ್ಲಿ ಹೋಗಿ, ತಿರುಗಿ, ನಮ್ಮ ಮುಂದೆಯೇ ಬಂದು ನಿಂತಳು. ಆ ದಿನ ಫೋನ್ ಎಲ್ಲಿದೆ ಅಂತಲೂ ಕೇಳಲಿಲ್ಲ.

ಮಗನಿಗೆ ಆಂಟಿಲಾ. 1940ರ ಮೇನಲ್ಲಿ ಜರ್ಮನಿ ನೆದರ್‌ಲ್ಯಾಂಡ್ಸ್ ಮೇಲೆ ದಾಳಿ ಮಾಡಿದಾಗ ಜರ್ಮನ್ ಸಿಬ್ಬಂದಿಯೇ ಮುಳುಗಿಸಿದ ಸರಕು ಹಡಗು, ಸುಮಾರು 400 ಅಡಿ ಉದ್ದ. ಮೇಲಿನ ಭಾಗ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿಕೊಂಡೇ ಕಾಣುತ್ತದೆ. ಮಾಸ್ಕ್ ಮಾತ್ರ ಮನೆಯಿಂದಲೇ ಒಯ್ಯಿರಿ. ಬೋಟಿನ ಮಾಸ್ಕ್‌ಗಳು ಸೋರುತ್ತವೆ, ಸೋರುವ ಮಾಸ್ಕ್ ಕೊಟ್ಟರೆ ಹದಿನಾರರ ಹುಡುಗ ಎರಡನೇ ಸಲ ನೀರಿಗೆ ಇಳಿಯಲ್ಲ. ಹಡಗಲ್ಲ, ಮೀನು ಸಾಕು ಅಂದರೆ ಬೋಕಾ ಕಟಲಿನಾ ಬೀಚ್‌ನಲ್ಲಿ ದಡದಿಂದಲೇ ಇಳಿದು ಪುಕ್ಕಟೆ ನೋಡಬಹುದು. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಬೋಟುಗಳು ಬರುತ್ತವೆ.

ಅಡುಗೆಯ ಪ್ರಯೋಗವೂ ಮಾಡಿದೆ. ಅಲ್ಲಿಯ ಕರೆಂಟಿಗೆ ನಮ್ಮ ಅಮೆರಿಕದ ಪ್ಲಗ್ಗೇ ಆಗುತ್ತದೆ, ಹಾಗಾಗಿ ಚಿಕ್ಕ ರೈಸ್ ಕುಕ್ಕರ್ ಒಯ್ದಿದ್ದೆ. ಉದ್ದಿನ ಹಿಟ್ಟು, ಅಕ್ಕಿ ಹಿಟ್ಟು ಕಲಸಿ ರಾತ್ರಿ ಬಾಲ್ಕನಿಯಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಉಕ್ಕಿ ಬಂದಿತ್ತು. ನ್ಯೂಜೆರ್ಸಿಯಲ್ಲಿ ಓವನ್ ಲೈಟ್ ಹಾಕಿಟ್ಟರೂ ಹಾಗೆ ಬರಲ್ಲ. ಗಾಳಿಗೆ ಮುಚ್ಚಳ ಹಾರದಂತೆ ಮೇಲೊಂದು ಭಾರ ಇಡಿ. ನಲ್ಲಿ ನೀರು ಕುಡಿಯಬಹುದು, ಕಡಲ ನೀರಿನ ಉಪ್ಪು ತೆಗೆದು ಕೊಡುತ್ತಾರೆ. ಬಾಟಲಿ ನೀರಿನ ಖರ್ಚು ಪೂರ್ತಿ ಉಳಿಯಿತು. ಸಾಮಾನು ಸೂಪರ್ ಫುಡ್ ಅನ್ನುವ ಅಂಗಡಿಯಲ್ಲಿ ತಂದೆ, ತೊಗರಿ ಬೇಳೆ ಮನೆಯದು.

ವಾಪಸ್ ಬರುವಾಗ ಅಮೆರಿಕದ ಇಮಿಗ್ರೇಷನ್ ಅರೂಬಾದಲ್ಲೇ ಮುಗಿಸುತ್ತಾರೆ. ಶನಿವಾರ, ಭಾನುವಾರ ಸಾಲು ಉದ್ದ, ಮೂರು ಗಂಟೆ ಮುಂಚೆ ಹೋಗಿ. ಸಾಧ್ಯವಾದರೆ ಮಂಗಳವಾರ, ಬುಧವಾರ ಹೊರಡಿ.

ಮುಂದಿನದು ಬೊನೇರ್. ಮಗ ಡೈವಿಂಗ್ ಕಲಿಯಬೇಕು ಅನ್ನುತ್ತಿದ್ದಾನೆ, ಅಲ್ಲಿ ದಡದಿಂದಲೇ ಇಳಿಯಬಹುದು. ಮಗಳಿಗೆ ಲಾಕ್ ಬೇ ಇದೆ, ಮತ್ತೆ ವಿಂಡ್‌ಸರ್ಫಿಂಗ್. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು 18 ಗಂಟೆಯಾದರೂ ಬಿಡಬೇಕು, ಹಾಗಾಗಿ ಕೊನೆಯ ದಿನ ಅವನಿಗೆ ನೀರಿಲ್ಲ. ಆ ದಿನವನ್ನು ಮಗಳ ಪಾಠಕ್ಕೆ ಇಟ್ಟು ಶೀಟ್ ತಯಾರು ಮಾಡುತ್ತಿದ್ದೇನೆ. ಹೋಟೆಲ್‌ಗಳಿಗೆ ಸೋಫಾ ಬೆಡ್ ಇಮೇಲ್ ಆಗಲೇ ಹೋಗಿದೆ. ಈ ಸಲ 76 ಇಂಚಿಗೆ ಕಡಿಮೆ ಬೇಡ ಅಂತ ಬರೆದಿದ್ದೇನೆ, ಹುಡುಗ ಇನ್ನೂ ಬೆಳೆಯುತ್ತಿದ್ದಾನೆ.